ಹೊಸೂರಿನ ಹಳೇ ಶೆಡ್‌ಗಳು

ಅತ್ತಿಬೆಲೆಯಲ್ಲಿ ಟೋಲ್ ಕಟ್ಟಿ ಮುಂದೆ ಹೋದರೆ ಜೂಜುವಾಡಿ; ಅಲ್ಲಿಂದ ತಮಿಳುನಾಡು. ಬೋರ್ಡಿನ ಲಿಪಿ ಬದಲಾಗುತ್ತದೆ, ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುತ್ತದೆ, ಚಿಲ್ಲರೆಯ ಲೆಕ್ಕ ಮಾತ್ರ ತಮಿಳಿನಲ್ಲಿ. ಅಲ್ಲಿಂದಾಚೆ ಮೂಕೊಂಡಪಳ್ಳಿ, ಬೇಡರಪಳ್ಳಿ ಕಡೆಗೆಲ್ಲ ಸಿಪ್ಕಾಟ್ ಕೈಗಾರಿಕಾ ವಸಾಹತು. ದೂರದಲ್ಲಿ ಚಂದ್ರಚೂಡೇಶ್ವರನ ಬೆಟ್ಟ ಕಾಣುತ್ತದೆ.

ಐವತ್ತು ವರ್ಷದ ಹಿಂದೆ ಇದು ರಾಗಿ, ಹುರುಳಿ ಬೆಳೆಯುವ ಒಣಭೂಮಿ. ರಾಜಾಜಿ ಹುಟ್ಟಿದ ತೊರಪಳ್ಳಿ ಪಕ್ಕದಲ್ಲಿದೆ ಎಂಬುದು ಬಿಟ್ಟರೆ ಹೊಸೂರಿಗೆ ಬೇರೆ ಹೆಸರಿರಲಿಲ್ಲ. ತಮಿಳುನಾಡು ಸರ್ಕಾರ 1971ರಲ್ಲಿ ಸಿಪ್ಕಾಟ್ ಎಂಬ ನಿಗಮ ಕಟ್ಟಿ, ಹಿಂದುಳಿದ ತಾಲ್ಲೂಕುಗಳಿಗೆ ಕಾರ್ಖಾನೆ ತರಲು ಹೊರಟಾಗ ಹೊಸೂರಿಗೆ ದೊಡ್ಡ ಅನುಕೂಲವೊಂದಿತ್ತು: ನಲವತ್ತು ಕಿಲೋಮೀಟರ್ ದೂರದಲ್ಲಿ ಬೆಂಗಳೂರು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡ್, ಟಿವಿಎಸ್ ಬಂದವು. ಅದೇ ದಶಕದಲ್ಲಿ ಟೈಟನ್ ಬಂತು. ದೊಡ್ಡವರ ಬೆನ್ನಿಗೆ ನಟ್ಟು, ಬೋಲ್ಟು, ಸ್ಪ್ರಿಂಗು, ಬ್ರಾಕೆಟ್ ಮಾಡುವ ನೂರಾರು ಸಣ್ಣ ಘಟಕಗಳು ಬಂದವು. ಅವು ಮಾಡಿದ್ದಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಶೆಡ್‌ಗಳು, ಪೇಂಟ್ ಹೊಡೆಯುವ ಬೂತ್‌ಗಳು, ಎರಕದ ಫೌಂಡ್ರಿಗಳು, ಎಲ್ಲವನ್ನೂ ಸಾಗಿಸುವ ಲಾರಿಗಳ ಗ್ಯಾರೇಜು, ಡೀಸೆಲ್ ಬಂಕು. ಊರು ಈಗ ಮಹಾನಗರ ಪಾಲಿಕೆ. ವಿಮಾನ ನಿಲ್ದಾಣದ ಮಾತು ಬಂದಾಗಿನಿಂದ ಜಾಗದ ಬೆಲೆ ಕೇಳುವುದಕ್ಕೇ ಧೈರ್ಯ ಬೇಕು. ಹಳೇ ಶೆಡ್‌ಗಳು ಕೈ ಬದಲಾಗುತ್ತಿವೆ. ಒಂದು ಗೋದಾಮಾಗುತ್ತದೆ, ಇನ್ನೊಂದು ಶೋರೂಮು, ವಸಾಹತಿನ ಹೊರಗಿನ ಪಟ್ಟಾ ಜಮೀನಿನದಾದರೆ ಕಲ್ಯಾಣಮಂಟಪ.

ಹೊಸೂರಿನ ಮಾಲಿನ್ಯ ಎಂದರೆ ನಮ್ಮ ಟಿವಿಯವರಿಗೆ ಕೆಲವರಪಳ್ಳಿ ಜಲಾಶಯದ ನೊರೆ. ಮಳೆ ಬಂದು ಗೇಟು ತೆಗೆದರೆ ಸಾಕು, ದಕ್ಷಿಣ ಪಿನಾಕಿನಿಯಲ್ಲಿ ಆಳೆತ್ತರದ ನೊರೆ ಎದ್ದು ತಟ್ಟಿಗಾನಪಳ್ಳಿ ಕಡೆಯ ರಸ್ತೆಯನ್ನೇ ಮುಚ್ಚುತ್ತದೆ. ಆ ನೊರೆ ಬಹುಪಾಲು ನಮ್ಮದೇ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದುಹೋದ ಬೆಂಗಳೂರಿನ ಕೊಳಚೆ, ಸಾಬೂನು ನೀರು. ತಮಿಳುನಾಡಿನ ಕೂಗು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಹೋಗಬೇಕಾದದ್ದೇ. ಆದರೆ ನೊರೆಗೆ ಎರಡು ಗುಣಗಳಿವೆ: ಕಣ್ಣಿಗೆ ಕಾಣುತ್ತದೆ, ಮತ್ತು ಪಕ್ಕದ ರಾಜ್ಯದಿಂದ ಬರುತ್ತದೆ. ಇವೆರಡೂ ಗುಣವಿಲ್ಲದ ಮಾಲಿನ್ಯ ಶೆಡ್‌ಗಳ ಅಡಿಯಲ್ಲಿ ಕೂತಿರಬಹುದು. ಅದನ್ನು ಕೇಳುವವರು ಕಡಿಮೆ.

ಮುಚ್ಚಿದ ಪ್ಲೇಟಿಂಗ್ ಶೆಡ್ ಒಳಗೆ ಹೋಗಿ ನೋಡಿದವರಿಗೆ ಇದು ಗೊತ್ತು. ತೊಟ್ಟಿಗಳನ್ನು ಗುಜರಿಯವರು ಒಯ್ದಿರುತ್ತಾರೆ. ಅವು ಕೂತಿದ್ದ ಜಾಗದ ಚೌಕ ಗುರುತು ನೆಲದ ಮೇಲೆ ಉಳಿದಿರುತ್ತದೆ. ಆ್ಯಸಿಡ್ ತಡೆಯಲೆಂದು ಹಾಸಿದ ಇಟ್ಟಿಗೆಯ ಸಂದುಗಳು ಬಾಯಿ ಬಿಟ್ಟಿರುತ್ತವೆ. ನಿಕ್ಕಲ್ ತೊಟ್ಟಿ ಇದ್ದಲ್ಲಿ ಹಸಿರು ಕಲೆ. ಕ್ರೋಮ್ ತೊಟ್ಟಿ ಇದ್ದಲ್ಲಿ ಗೋಡೆಯ ಬುಡದಲ್ಲಿ, ಮಳೆ ಬಂದು ಒಣಗಿದ ಮೇಲೆ, ಅರಿಶಿನ ಬಣ್ಣದ ಪುಡಿ ಮೇಲೇಳುತ್ತದೆ. ಕೈಯಿಂದ ಮುಟ್ಟಬಾರದು, ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು, ನಿಕ್ಕಲ್ 0.02 ಮೀರಬಾರದು ಎನ್ನುತ್ತದೆ ನಮ್ಮ ಮಾನಕ. ನೆಲದಲ್ಲಿ ಅಷ್ಟು ಪುಡಿ ಕಂಡರೆ ಆ ಅಂಕಿಗಳು ತಮಾಷೆಯಂತೆ ಕೇಳಿಸುತ್ತವೆ.

ಜಾಗ ಕೊಳ್ಳುವವರು ಏನೇನು ನೋಡುತ್ತಾರೆ? ಪಟ್ಟಾ, ಚಿಟ್ಟಾ, ವಿಲ್ಲಂಗಂ, ಅಂದರೆ ನಮ್ಮ ಇ.ಸಿ., ಋಣಭಾರ ಪತ್ರ. ಸಾಲ ಇದೆಯೇ, ದಾವೆ ಇದೆಯೇ, ದಾಯಾದಿಗಳ ಸಹಿ ಆಗಿದೆಯೇ. ಸಿಪ್ಕಾಟ್ ಒಳಗಿನದಾದರೆ 99 ವರ್ಷದ ಗುತ್ತಿಗೆಯಲ್ಲಿ ಎಷ್ಟು ಉಳಿದಿದೆ ಎಂಬುದು. ಮೂವತ್ತು ವರ್ಷ ಕ್ರೋಮ್ ಸುರಿದಿದ್ದರೂ ಇ.ಸಿ.ಯಲ್ಲಿ ಒಂದಕ್ಷರ ಬರುವುದಿಲ್ಲ.

ಮಣ್ಣಿನ ಋಣಭಾರ ನೋಡುವ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. ರಾಸಾಯನಿಕ ಹೂತ ಹಳೇ ಕಾಲುವೆಯ ಮೇಲೆ ಮನೆ, ಶಾಲೆ ಕಟ್ಟಿದ ಲವ್ ಕೆನಾಲ್ ಪ್ರಕರಣ 1978ರಲ್ಲಿ ಸಿಡಿದು, 1980ರಲ್ಲಿ ಸೂಪರ್‌ಫಂಡ್ ಕಾನೂನು ಬಂತು. ಜಾಗ ಯಾರ ಕೈಯಲ್ಲಿದೆಯೋ ಅವರ ತಲೆಗೂ ಖರ್ಚು ಬರಬಹುದು ಎಂದಾಗ ಕೊಳ್ಳುವವರು ಎಚ್ಚೆತ್ತರು. ಹೊಸೂರಿಗೆ ಆ ಪದ್ಧತಿಯನ್ನು ತಂದವರೂ ಬಹುತೇಕ ವಿದೇಶಿ ಕಂಪನಿಗಳೇ. ಅವರ ಕೇಂದ್ರ ಕಚೇರಿ ವರದಿ ಇಲ್ಲದೆ ಚೆಕ್ ಬರೆಯುವುದಿಲ್ಲ.

ಈ ತಪಾಸಣೆಯ ಮೊದಲ ಹಂತದಲ್ಲಿ ಒಂದು ಚಮಚ ಮಣ್ಣನ್ನೂ ತೆಗೆಯುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಹಳೇ ಸಮ್ಮತಿ ಪತ್ರ, ಕಾರ್ಖಾನೆಯ ನಕ್ಷೆ, ಹಳೇ ಉಪಗ್ರಹ ಚಿತ್ರ ನೋಡುವುದು. ತ್ಯಾಜ್ಯ ಸಾಗಿಸಿದ ಏಳು ಪ್ರತಿಯ ಬಣ್ಣಬಣ್ಣದ ಚೀಟಿಗಳಿವೆಯೇ ಎಂದು ಹುಡುಕುವುದು. ವರ್ಷಕ್ಕೆ ಇಷ್ಟು ಕೆಸರು ಹುಟ್ಟುತ್ತದೆ ಎಂದು ಅರ್ಜಿಯಲ್ಲಿ ಬರೆದವನು ಅದರ ಅರ್ಧಕ್ಕೂ ಚೀಟಿ ತೋರಿಸದಿದ್ದರೆ, ಉಳಿದರ್ಧ ಎಲ್ಲಿ ಹೋಯಿತು? ಇದಕ್ಕೆಲ್ಲ ಒಳ್ಳೆಯ ದಾಖಲೆ ಹಳೇ ವಾಚ್‌ಮನ್. ಯಾವ ಮೂಲೆಯಲ್ಲಿ ಗುಂಡಿ ಇತ್ತು, ರಾತ್ರಿ ಪಾಳಿಯಲ್ಲಿ ಡ್ರಮ್ ಎಲ್ಲಿ ಬಗ್ಗಿಸುತ್ತಿದ್ದರು ಎಂಬುದು ಅವನ ಬಾಯಲ್ಲಿರುತ್ತದೆ. ಅವನ ಜತೆ ಕನ್ನಡವನ್ನೋ ತೆಲುಗನ್ನೋ ಆಡಲು ಬಾರದ ಸಲಹೆಗಾರ ವರದಿಯ ಅರ್ಧ ಕಳೆದುಕೊಂಡಂತೆಯೇ.

ಎರಡನೇ ಹಂತದಲ್ಲಿ ನೆಲಕ್ಕೆ ಕೈ ಹಾಕಬೇಕು. ಅನುಮಾನದ ಜಾಗದಲ್ಲಿ ತೂತು ಕೊರೆದು ಅಡಿಗೊಂದರಂತೆ ಮಣ್ಣು ಎತ್ತುತ್ತಾರೆ, ಬಾವಿ ತೋಡಿ ನೀರು ತೆಗೆಯುತ್ತಾರೆ. ಹೊಸೂರಿನ ನೆಲ ಇಲ್ಲಿಯೇ ಸತಾಯಿಸುವುದು. ಮೇಲೆ ಕೆಲವು ಅಡಿ ಕೆಂಪು ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ. ಕೃಷ್ಣಗಿರಿಯ ಗ್ರಾನೈಟ್ ಬೇರೆ ಬೇರೆ ದೇಶಗಳಿಗೆ ಹೋಗುವುದು ಸುಮ್ಮನೆ ಅಲ್ಲ. ಮರಳು ನೆಲದಲ್ಲಾದರೆ ವಿಷ ಯಾವ ದಿಕ್ಕಿಗೆ ಹರಡುತ್ತದೆಂದು ಲೆಕ್ಕ ಹಾಕಬಹುದು. ಬಂಡೆಯಲ್ಲಿ ನೀರು ಹೋಗುವುದು ಬಿರುಕಿನಲ್ಲಿ, ಬಿರುಕಿಗೆ ಕಾಂಪೌಂಡಿನ ಗೊಡವೆಯಿಲ್ಲ. ಪಕ್ಕದ ಬಾವಿ ಚೊಕ್ಕಟವಾಗಿದ್ದು ಅರ್ಧ ಕಿಲೋಮೀಟರ್ ಆಚೆಯ ಬೋರ್‌ವೆಲ್ ಹಳದಿ ನೀರು ಕೊಡಬಹುದು. ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ. ಬಿರುಕು ಸಿಕ್ಕರೆ ಕೆಳಗಿಳಿಯುತ್ತಲೇ ಹೋಗುತ್ತದೆ. ಸಾವಿರ ಅಡಿ ಬೋರ್ ಕೊರೆಸುವ ಊರಿನಲ್ಲಿ ನಾವೇ ಅದಕ್ಕೆ ದಾರಿ ಮಾಡಿಕೊಡುತ್ತಿದ್ದೇವೆ.

ಶುದ್ಧೀಕರಣದ ತಂತ್ರ ಗೊತ್ತಿಲ್ಲದ್ದೇನಲ್ಲ. ಹಳೇ ಬಂಕಿನ ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ಆವಿಯನ್ನು ಮಣ್ಣಿನಿಂದ ಎಳೆದು ತೆಗೆಯಬಹುದು. ಎಣ್ಣೆ ಕುಡಿದ ಮಣ್ಣನ್ನು ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಬಹುದು. ಕ್ರೋಮಿಯಂಗೆ ಫೆರಸ್ ಸಲ್ಫೇಟ್ ಹಾಕಿದರೆ ಆರು ವೇಲೆನ್ಸಿಯದು ಮೂರಕ್ಕಿಳಿದು ನೀರಿನಲ್ಲಿ ಕರಗದ ರೂಪಕ್ಕೆ ಬರುತ್ತದೆ. ಉಳಿದದ್ದನ್ನು ಅಗೆದು ಸಾಗಿಸಬೇಕು, ಎಲ್ಲಿಗೆ? ತಮಿಳುನಾಡಿನ ಅಪಾಯಕಾರಿ ತ್ಯಾಜ್ಯದ ಭೂಭರ್ತಿಯೊಂದು ಇರುವುದು ಚೆನ್ನೈ ಆಚೆಯ ಗುಮ್ಮಿಡಿಪೂಂಡಿಯಲ್ಲಿ. ನಮ್ಮ ದಾಬಸ್‌ಪೇಟೆಯದು ಎಷ್ಟೋ ಹತ್ತಿರ, ಆದರೆ ಗಡಿ ದಾಟಿಸಿ ಹೂಳಲು 2016ರ ನಿಯಮದಂತೆ ಎರಡೂ ರಾಜ್ಯದ ಮಂಡಳಿಗಳ ನಿರಾಕ್ಷೇಪಣಾ ಪತ್ರ ಬೇಕು. ನೊರೆಗೆ ಇಂಥ ಪತ್ರ ಕೇಳುವವರಿಲ್ಲ.

ಇದಕ್ಕೆಲ್ಲ ದುಡ್ಡು ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇದೇ ಹೆದ್ದಾರಿ ಹಿಡಿದು ಚೆನ್ನೈ ಕಡೆ ಹೋಗುವಾಗ ರಾಣಿಪೇಟೆಯಲ್ಲಿ ಸಿಗುತ್ತದೆ. ಅಲ್ಲಿನ ತಮಿಳುನಾಡು ಕ್ರೋಮೇಟ್ಸ್ ಕಾರ್ಖಾನೆ 1990ರ ದಶಕದಲ್ಲಿ ಬಾಗಿಲು ಹಾಕಿತು. ಲಕ್ಷಕ್ಕೂ ಮೀರಿದ ಟನ್ ಕ್ರೋಮಿಯಂ ತ್ಯಾಜ್ಯದ ಗುಡ್ಡ ಅಲ್ಲೇ ಉಳಿಯಿತು. ಮಾಲಿನ್ಯ ಮಾಡಿದವನೇ ತೆರಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿದದ್ದು ಅದೇ ಸೀಮೆಯ ಚರ್ಮದ ಕಾರ್ಖಾನೆಗಳ ಪ್ರಕರಣದಲ್ಲಿ, ವೆಲ್ಲೂರಿನ ನಾಗರಿಕರು ಹಾಕಿದ ಅರ್ಜಿಯ ಮೇಲೆ. ಆದರೆ ತೆರಬೇಕಾದವನ ಅಂಗಡಿಯೇ ಮುಚ್ಚಿದ್ದರೆ? ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಗೆ ಹಿಂದೂಸ್ತಾನ್ ಲಿವರ್‌ನಂಥ ದೊಡ್ಡ ಒಡೆಯರಿದ್ದರು. 2001ರಲ್ಲಿ ಅದು ಮುಚ್ಚಿತು, 2003ರಲ್ಲಿ 290 ಟನ್ ಪಾದರಸದ ತ್ಯಾಜ್ಯ ಹಡಗೇರಿ ಅಮೆರಿಕಕ್ಕೆ ಹೋಯಿತು. ಮಣ್ಣಿನಲ್ಲಿ ಪಾದರಸ ಎಷ್ಟು ಉಳಿದರೆ ಶುದ್ಧ ಎಂಬ ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮ ತಂದಿತು. ಆಗ ದೇಶದಲ್ಲಿ ಗುರುತಿಸಿದ್ದ ಇಂಥ ತಾಣ 103. ಶುದ್ಧೀಕರಣ ಶುರುವಾಗಿದ್ದದ್ದು ಏಳರಲ್ಲಿ. ಈಗ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ವರದಿ ಕೊಡಬೇಕು, ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ ಮಾಡಬೇಕು, ಹೊಣೆಗಾರ ಯಾರೆಂದು ಹುಡುಕಬೇಕು. ಅವನು ಸಿಗದಿದ್ದರೆ ಖರ್ಚು ಸರ್ಕಾರಗಳದು. ಗಣಿ ತ್ಯಾಜ್ಯ ಈ ನಿಯಮದ ಹೊರಗಿದೆ. ಹಾಗಾಗಿ ಪಕ್ಕದ ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳಿಗೆ ಇದರಿಂದ ಏನೂ ಉಪಯೋಗವಿಲ್ಲ.

ದೊಡ್ಡ ಕಾರ್ಖಾನೆಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅವಕ್ಕೆ ಆಡಿಟ್ ಇದೆ, ಹೆಸರಿನ ಹಂಗಿದೆ. ತಪ್ಪಿಸಿಕೊಳ್ಳುವುದು ಹತ್ತು ಗುಂಟೆಯ ಪ್ಲೇಟಿಂಗ್ ಶೆಡ್. ಅದರ ಮಾಲೀಕ ಸಾಲ ತೀರಿಸಲು ಮಾರುತ್ತಿರುತ್ತಾನೆ, ಕೊಂಡವನು ಹಳೇ ನೆಲದ ಮೇಲೇ ವಿಟ್ರಿಫೈಡ್ ಟೈಲ್ಸ್ ಹಾಕಿಸುತ್ತಾನೆ. ಮಣ್ಣು ಪರೀಕ್ಷೆ ಮಾಡಿಸಿ ಎಂದರೆ ಮಾರುವವನೂ ಬೇಡ ಎನ್ನುತ್ತಾನೆ, ಕೊಳ್ಳುವವನೂ ಬೇಡ ಎನ್ನುತ್ತಾನೆ. ವರದಿ ಒಮ್ಮೆ ಹುಟ್ಟಿತೆಂದರೆ ಇಬ್ಬರ ಬೆಲೆಯೂ ಕೆಡುತ್ತದೆ. ಸಾಲ ಕೊಡುವ ಬ್ಯಾಂಕು ಆ ವರದಿ ಕೇಳಿದ ದಿನ ಮಾತ್ರ ಇದು ಬದಲಾದೀತು. ಅಲ್ಲಿಯವರೆಗೆ, ಟೈಲ್ಸ್ ಹಾಕಿಸಿಕೊಂಡ ಆ ಕಟ್ಟಡಕ್ಕೆ ಕಾವೇರಿ ನೀರು ಬರುವ ತನಕ ಅಡುಗೆಗೂ ಕುಡಿಯಲಿಕ್ಕೂ ಹಳೇ ಬೋರ್‌ವೆಲ್ಲೇ ಗತಿ. ಕೊಳ್ಳುವ ಮುನ್ನ ಅದರ ನೀರನ್ನು ಕ್ರೋಮಿಯಂ, ನಿಕ್ಕಲ್, ಸೀಸಕ್ಕಾಗಿ ಪರೀಕ್ಷೆ ಮಾಡಿಸುವ ಖರ್ಚು ನೋಂದಣಿ ಶುಲ್ಕದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.