ಪುಕ್ಕಟೆ ಕಣ್ಣು ಪರೀಕ್ಷೆಯೂ ಆಪ್ಟೋಮೆಟ್ರಿಸ್ಟರ ಸಂಬಳವೂ

ಪಿಯುಸಿ ವಿಜ್ಞಾನ ಮುಗಿಸಿ ಎಂಬಿಬಿಎಸ್ ಸೀಟು ಸಿಗದ ಮಕ್ಕಳ ಮನೆಗಳಲ್ಲಿ ಈಗ ಆಪ್ಟೋಮೆಟ್ರಿಯ ಹೆಸರೂ ಕೇಳಿಬರುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲೇ ಈ ಪದವಿ ಇದೆ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಓದು. ಕಣ್ಣಿನ ಪವರ್ ಅಳೆಯುವುದು, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸುವುದು, ಮೆಳ್ಳೆಗಣ್ಣಿನ ಮಕ್ಕಳಿಗೆ ಅಭ್ಯಾಸ ಹೇಳಿಕೊಡುವುದು, ಗ್ಲಾಕೋಮಾದ ಸುಳಿವು ಕಂಡರೆ ತಡಮಾಡದೆ ನೇತ್ರತಜ್ಞರ ಬಳಿಗೆ ಕಳಿಸುವುದು ಆಪ್ಟೋಮೆಟ್ರಿಸ್ಟರ ಕೆಲಸ. ಕೆಲಸಕ್ಕೆ ಬರವಿಲ್ಲ ಎಂದು ಕಾಲೇಜುಗಳು ಹೇಳುವುದು ನಿಜ. ಆದರೆ ಪದವಿ ಹಿಡಿದು ಹೊರಬಂದವರಿಗೆ ಮೊದಲ ಕೆಲಸದಲ್ಲಿ ಸಿಗುವುದು ಸಾಮಾನ್ಯವಾಗಿ ತಿಂಗಳಿಗೆ 15ರಿಂದ 25 ಸಾವಿರ ರೂಪಾಯಿ. ಅಮೆರಿಕದಲ್ಲಿ ಇದೇ ಹೆಸರಿನ ವೃತ್ತಿಯವರ ಮಧ್ಯಮ ವಾರ್ಷಿಕ ವೇತನ 2023ರಲ್ಲಿ 1,31,860 ಡಾಲರ್ ಇತ್ತು. ಅಲ್ಲಿ ಪದವಿಯ ಮೇಲೆ ಮತ್ತೆ ನಾಲ್ಕು ವರ್ಷ ಓದಬೇಕು, ಔಷಧ ಬರೆಯುವ ಅಧಿಕಾರವೂ ಅವರಿಗಿದೆ. ಇಲ್ಲಿನ ಪದವಿಯೊಂದನ್ನೇ ನಂಬಿ ಅಲ್ಲಿ ವೃತ್ತಿ ನಡೆಸಲಾಗದು. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಒಂದು ಪ್ರಶ್ನೆ ಕಾಡುತ್ತದೆ. ಬೇಡಿಕೆ ಇಷ್ಟಿದ್ದೂ ನಮ್ಮಲ್ಲಿ ಸಂಬಳ ಏಕೆ ಮೇಲೇಳುತ್ತಿಲ್ಲ?

ಬೇಡಿಕೆಯ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದೆ, ಅದರಲ್ಲಿ ಕನಿಷ್ಠ 100 ಕೋಟಿ ಜನರದು ತಡೆಯಬಹುದಾಗಿದ್ದ ಅಥವಾ ಇನ್ನೂ ಪರಿಹಾರ ಕಾಣದ ದೋಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಹೇಳಿತು. ನಲವತ್ತು ದಾಟಿದವರಿಗೆ ಬರುವ ಚಾಳೀಸನ್ನೇ ನೋಡಿ. ಅಸ್ಸಾಮಿನ ಚಹಾ ತೋಟಗಳಲ್ಲಿ ಎಲೆ ಕೀಳುವ, ನಲವತ್ತು ದಾಟಿದ ಸುಮಾರು 750 ಕಾರ್ಮಿಕರಲ್ಲಿ ಅರ್ಧದಷ್ಟು ಜನರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರು ಕಿತ್ತ ಎಲೆಯ ಪ್ರಮಾಣದ ಏರಿಕೆ, ಸಿಗದವರಿಗಿಂತ ಶೇ 21ಕ್ಕೂ ಹೆಚ್ಚು. ಅದೂ ಅಗ್ಗದ ಒಂದು ಕನ್ನಡಕದಿಂದ. ಕೂಲಿಗೂ ಕಣ್ಣಿಗೂ ಇರುವ ನಂಟನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವುದು ಕಷ್ಟ. ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತಿರುವುದು, ಸಕ್ಕರೆ ಕಾಯಿಲೆಯವರ ಕಣ್ಣಿನ ತಪಾಸಣೆ, ಇವೆಲ್ಲ ಬೇರೆಯೇ ಇವೆ.

ಇಷ್ಟು ಬೆಲೆಬಾಳುವ ಕೆಲಸಕ್ಕೆ ನಮ್ಮ ಪೇಟೆ ಬೀದಿಗಳಲ್ಲಿ ಬರೆದಿರುವ ದರ ಮಾತ್ರ ಸೊನ್ನೆ. ‘ಉಚಿತ ಕಣ್ಣು ಪರೀಕ್ಷೆ’ ಎಂಬ ಬೋರ್ಡು ಇಲ್ಲದ ಕನ್ನಡಕದ ಅಂಗಡಿ ಅಪರೂಪ. ನನ್ನ ಪ್ರಕಾರ ಆಪ್ಟೋಮೆಟ್ರಿಸ್ಟರ ಸಂಬಳವನ್ನು ಹಿಡಿದು ಜಗ್ಗುತ್ತಿರುವುದು ಈ ಬೋರ್ಡೇ. ಪರೀಕ್ಷೆಗೆ ಬೆಲೆ ಇಲ್ಲದಿದ್ದರೆ ಅದರ ಖರ್ಚು ಫ್ರೇಮು, ಗಾಜಿನ ಲಾಭದಲ್ಲಿ ಹುಟ್ಟಬೇಕು. ಆಗ ಅಂಗಡಿಯ ಲೆಕ್ಕದಲ್ಲಿ ಪರೀಕ್ಷಕ ಒಂದು ಖರ್ಚಿನ ಬಾಬತ್ತು. ಗಳಿಸಿಕೊಡುವವನು ಫ್ರೇಮು ಮಾರುವವನು. ಹತ್ತು ನಿಮಿಷದಲ್ಲಿ ಮುಗಿಸುವವನಿಗೂ ಅರ್ಧ ಗಂಟೆ ಕೂತು ಕಣ್ಣಿನ ಒತ್ತಡ, ಅಕ್ಷಿಪಟಲ ನೋಡುವವನಿಗೂ ಅಲ್ಲಿ ವ್ಯತ್ಯಾಸವಿಲ್ಲ. ಮಾಲೀಕರಿಗೆ ನಾಲ್ಕು ವರ್ಷ ಓದಿದವರೇ ಬೇಕೆಂಬ ಒತ್ತಾಯವೂ ಇರದು. ಎರಡು ವರ್ಷದ ಡಿಪ್ಲೊಮಾದವರು ಸಾಕು, ಕೆಲವು ಕಡೆ ಅಂಗಡಿಯಲ್ಲೇ ನೋಡಿ ಕಲಿತವರೂ ಸಾಕು. ಬ್ರಿಟನ್ನಿನಲ್ಲಿ ನೋಂದಾಯಿತ ಆಪ್ಟೋಮೆಟ್ರಿಸ್ಟ್ ಅಥವಾ ವೈದ್ಯರನ್ನು ಬಿಟ್ಟು ಬೇರೆಯವರು ಕಣ್ಣು ಪರೀಕ್ಷಿಸುವುದು ಅಪರಾಧ. ಆ ಬೇಲಿಯೇ ಅಲ್ಲಿ ಸಂಬಳಕ್ಕೂ ಕಾವಲು.

ಪರೀಕ್ಷೆಗೆ ದುಡ್ಡು ಕೇಳಿದರೆ ಬಡವರು ಕಣ್ಣು ತೋರಿಸುವುದನ್ನೇ ಬಿಡುತ್ತಾರೆ ಎಂಬ ಆಕ್ಷೇಪ ತೂಕದ್ದು. ನೂರು ರೂಪಾಯಿಯೂ ಕೂಲಿಯವರಿಗೆ ಹೊರೆಯೇ. ಆದರೆ ರೋಗಿಗೆ ಪುಕ್ಕಟೆಯಾದದ್ದೆಲ್ಲ ಮಾಡುವವರಿಗೂ ಪುಕ್ಕಟೆಯಾಗಬೇಕಿಲ್ಲ. ಸ್ಕಾಟ್‌ಲೆಂಡಿನಲ್ಲಿ 2006ರಿಂದ ಎಲ್ಲರಿಗೂ ಕಣ್ಣು ಪರೀಕ್ಷೆ ಉಚಿತ. ಪ್ರತಿ ಪರೀಕ್ಷೆಗೂ ಆಪ್ಟೋಮೆಟ್ರಿಸ್ಟರಿಗೆ ಸರಕಾರ ಶುಲ್ಕ ಕೊಡುತ್ತದೆ. ರೋಗಿಗೆ ಪುಕ್ಕಟೆ ಚಿಕಿತ್ಸೆ ನಮ್ಮ ನಾಡಿಗೂ ಹೊಸತಲ್ಲ. ನೇತ್ರತಜ್ಞ ಡಾ. ಎಂ.ಸಿ. ಮೋದಿಯವರ ಶಿಬಿರಗಳಲ್ಲಿ ಸಾವಿರಾರು ಜನ ಕಾಸು ಕೊಡದೆ ಪೊರೆ ತೆಗೆಸಿಕೊಂಡರು. ಹಾಗೆಂದು ಪೊರೆ ತೆಗೆಯುವ ವಿದ್ಯೆ ಅಗ್ಗದ್ದೆಂದು ಯಾರೂ ತಿಳಿಯಲಿಲ್ಲ. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಹೋಗಿ ಕಣ್ಣು ತಪಾಸಣೆ ಮಾಡಿ ಕನ್ನಡಕ ಕೊಟ್ಟಿದ್ದಾರೆ. ಅಂಥ ಕೆಲಸಕ್ಕೆ ತಾಲ್ಲೂಕು ಮಟ್ಟದಲ್ಲಿ ಪದವೀಧರರ ಕಾಯಂ ಹುದ್ದೆ ಹೆಚ್ಚಿದರೆ ಬಡವರ ಕಣ್ಣೂ ಉಳಿಯುತ್ತದೆ, ಓದಿದವರಿಗೆ ಅಂಗಡಿಯಾಚೆ ಒಂದು ದಾರಿಯೂ ಸಿಗುತ್ತದೆ.

ಯಂತ್ರ ಬಂದರೆ ಈ ವೃತ್ತಿಯೇ ಮುಳುಗುತ್ತದೆ ಎನ್ನುವವರೂ ಇದ್ದಾರೆ. ಗದ್ದ ಊರಿ ಕೂತರೆ ಕ್ಷಣದಲ್ಲಿ ನಂಬರ್ ಹೇಳುವ ಆಟೋರಿಫ್ರ್ಯಾಕ್ಟರ್ ಬಂದು ಹಲವು ದಶಕಗಳಾದವು. ಆ ನಂಬರ್ ಪರೀಕ್ಷೆಯ ಆರಂಭ ಮಾತ್ರ. ಮಕ್ಕಳ ಕಣ್ಣು ಹತ್ತಿರಕ್ಕೆ ಹೊಂದಿಸಿಕೊಳ್ಳುವ ಶಕ್ತಿಯಿಂದ ಯಂತ್ರವನ್ನೂ ತಪ್ಪು ದಾರಿಗೆಳೆಯುತ್ತದೆ, ಇಲ್ಲದ ಮೈನಸ್ ತೋರಿಸುತ್ತದೆ. ಹನಿ ಹಾಕಿ, ಕಾದು, ಮತ್ತೆ ನೋಡುವವರು ಬೇಕು. ಆದರೂ ಯಂತ್ರದ ವಾದದಲ್ಲಿ ಒಂದು ಪಾಲು ಸತ್ಯವಿದೆ. ದೂರದಲ್ಲಿ ಕೂತ ಒಬ್ಬರೇ ಪರದೆಯ ಮೂಲಕ ಹಲವು ಅಂಗಡಿಗಳ ಗಿರಾಕಿಗಳನ್ನು ಪರೀಕ್ಷಿಸುವ ಏರ್ಪಾಡು ಬಂದಿದೆ. ಬರಿಯ ನಂಬರ್ ತೆಗೆಯುವುದನ್ನೇ ನೆಚ್ಚಿಕೊಂಡವರ ಸಂಬಳ ಇನ್ನೂ ಕುಗ್ಗಬಹುದು. ಕಾರ್ನಿಯಾ ಚೂಪಾದವರಿಗೆ ಹೊಂದಿಸುವ ವಿಶೇಷ ಲೆನ್ಸು, ಮಂದದೃಷ್ಟಿಯವರ ಪುನರ್ವಸತಿ, ಮಕ್ಕಳ ಕಣ್ಣು ಇಂಥವನ್ನು ಆರಿಸಿಕೊಂಡವರಿಗೆ ಆ ಭಯ ಕಡಿಮೆ.

ನೋಂದಣಿಯ ಬೇಲಿಯತ್ತ ನಮ್ಮಲ್ಲೂ ಹೆಜ್ಜೆ ಬಿದ್ದಿದೆ. ಸಂಸತ್ತು 2021ರಲ್ಲಿ ಅಂಗೀಕರಿಸಿದ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಆಪ್ಟೋಮೆಟ್ರಿಸ್ಟರನ್ನೂ ಒಳಗೊಂಡಿದೆ. ಕೇಂದ್ರ ಮತ್ತು ರಾಜ್ಯಗಳ ನೋಂದಣಿ ಪುಸ್ತಕದಲ್ಲಿ ಹೆಸರಿರಬೇಕೆಂದು ಹೇಳುತ್ತದೆ. ಇವರು ತಮ್ಮ ಹೊಲಕ್ಕೆ ನುಗ್ಗುತ್ತಾರೆಂಬ ಆತಂಕ ಕೆಲವು ನೇತ್ರತಜ್ಞರಿಗಿದೆ. ಆದರೆ ಶಸ್ತ್ರಚಿಕಿತ್ಸೆಯೂ ರೋಗದ ಚಿಕಿತ್ಸೆಯೂ ನೇತ್ರತಜ್ಞರದೇ. ನಂಬರ್ ನೋಡುವ ಸಾಲು ಕರಗಿದರೆ ಅವರ ಸಮಯವೇ ಉಳಿಯುತ್ತದೆ. ಕಾಯ್ದೆ ಕಾಗದದಿಂದ ಅಂಗಡಿಯ ಬಾಗಿಲಿಗೆ ಇಳಿಯಬೇಕಾದರೆ ಗಿರಾಕಿಗಳೂ ಕೇಳಬೇಕು. ಮುಂದಿನ ಸಲ ಪುಕ್ಕಟೆ ಪರೀಕ್ಷೆಗೆ ಕೂರುವ ಮುನ್ನ, ನಿಮ್ಮ ಕಣ್ಣಿಗೆ ದೀಪ ಹಿಡಿಯುವವರು ಏನು ಓದಿದ್ದಾರೆ, ನೋಂದಣಿ ಇದೆಯೇ ಎಂದು ವಿಚಾರಿಸಿ. ಪರೀಕ್ಷೆಯ ಚೀಟಿಯನ್ನು ಅವರ ಸಹಿಯೊಂದಿಗೆ ಕೇಳಿ ಪಡೆದುಕೊಳ್ಳಿ.