ಹತ್ತು ಸಂಪರ್ಕಗಳೇ ಸಾಕು
ಕಾರವಾರದಲ್ಲೋ ಅಂಕೋಲೆಯಲ್ಲೋ ಜಮೀನಿನ ಕ್ರಯಪತ್ರ ನೋಂದಣಿಯಾದರೆ, ಹಕ್ಕು ಬದಲಾವಣೆಗಾಗಿ ಅದರ ವಿವರ ನೋಂದಣಿಯ 'ಕಾವೇರಿ'ಯಿಂದ ಪಹಣಿಯ 'ಭೂಮಿ' ತಂತ್ರಾಂಶಕ್ಕೆ ಹೋಗಬೇಕು. ಇಂಥ ಜೋಡಣೆಯ ತಂತ್ರಾಂಶಗಳು ಪ್ರತಿ ಕೋರಿಕೆಗೂ ಡೇಟಾಬೇಸಿಗೆ ಹೊಸ ಸಂಪರ್ಕ ತೆರೆದರೆ ಗುರುತಿನ ತಪಾಸಣೆಗೇ ಹೊತ್ತು ಹೋಗುತ್ತದೆ. ತೆರೆದಿಟ್ಟ ಕೆಲವೇ ಸಂಪರ್ಕಗಳನ್ನು ಸರದಿಯಂತೆ ಕೊಟ್ಟು ಮರಳಿ ಪಡೆಯುವ ವ್ಯವಸ್ಥೆಯೇ ಕನೆಕ್ಷನ್ ಪೂಲ್. ಜನ ಹೆಚ್ಚಿದರೆ ಪೂಲನ್ನೂ ಹಿಗ್ಗಿಸಬೇಡವೇ ಎಂಬ ಆಕ್ಷೇಪ ಸಹಜ. ಆದರೆ ಅದರೊಂದಿಗೆ ಸರ್ವರಿನ ಪ್ರೊಸೆಸರ್, ಡಿಸ್ಕ್ ಹಿಗ್ಗುವುದಿಲ್ಲ. ನೂರಾರು ಸಂಪರ್ಕಗಳು ಒಮ್ಮೆಗೇ ಮುಗಿಬಿದ್ದರೆ ಎಲ್ಲರ ಕೆಲಸವೂ ನಿಧಾನ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಮಾನ್ಯವಾಗಿ ಒಪ್ಪುವುದು 100 ಸಂಪರ್ಕ. ಜಾವಾದ ಹಿಕಾರಿ ಪೂಲ್, ನಾವು ಬದಲಿಸದಿದ್ದರೆ, ಗರಿಷ್ಠ 10 ಹಿಡಿಯುತ್ತದೆ. ಅಂಥ ಹತ್ತು ಪೂಲ್‌ಗಳಿದ್ದರೆ ಮಿತಿ ಅಲ್ಲಿಗೇ ಮುಗಿಯಿತು! ಕೋರಿಕೆ ಪೂಲಿನ ಹೊರಗೆ ಕ್ಷಣಕಾಲ ಕಾಯುವುದು ಡೇಟಾಬೇಸಿನೊಳಗೆ ಸಿಕ್ಕಿಬೀಳುವುದಕ್ಕಿಂತ ಮೇಲು. ಕಾಯುವಿಕೆ ಬೆಳೆಯುತ್ತಲೇ ಇದ್ದರೆ, ಗಾತ್ರ ಹೆಚ್ಚಿಸುವ ಮುನ್ನ ಪಡೆದ ಸಂಪರ್ಕವನ್ನು ಮರಳಿಸದ ಕೋಡನ್ನು ಹುಡುಕಬೇಕು.