ಹಳಿಯ ಮೇಲೆ ಮತ್ತೆ ನಡೆಯುವಾಸೆ

ಯಸಳೂರು, ಸಕಲೇಶಪುರ ಸೀಮೆಗೆ ಒಮ್ಮೆ ಬಂದ ಚಾರಣಿಗರು ಮತ್ತೆ ಹಂಬಲಿಸುವುದು ಎಡಕುಮೇರಿಯ ರೈಲು ಹಳಿಗೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಈ ಘಟ್ಟದ ಹಾದಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಅದು ಕಾಲುದಾರಿಯಾದದ್ದು ಆಕಸ್ಮಿಕವಾಗಿ: ಗೇಜ್ ಪರಿವರ್ತನೆಗೆಂದು 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರ್‌ನಲ್ಲಿ. ಈಗ ಅಲ್ಲಿ ನಡೆಯುವುದು 1989ರ ರೈಲ್ವೆ ಕಾಯ್ದೆಯಡಿ ಅಪರಾಧ. ರೈಲಿನ ವೇಳೆ ನೋಡಿಕೊಂಡು ನಡೆದರಾಯಿತಲ್ಲ ಎನ್ನುವವರಿದ್ದಾರೆ. ಗೂಡ್ಸ್ ಗಾಡಿ ಯಾರ ವೇಳೆ ಕೇಳಿ ಬರುತ್ತದೆ? ತಿರುವಿನ ಸುರಂಗದೊಳಗೆ ಪಕ್ಕಕ್ಕೆ ಸರಿಯಲು ಜಾಗವೂ ಸಾಲದು. ಹಾಗಾದರೆ ರೈಲಿನಲ್ಲೇ ಹೋಗಿ ನೋಡಿ ಎಂದರೆ, ಕಿಟಕಿಯಿಂದ ಕಂಡ ಘಟ್ಟ ನಡೆದು ಕಂಡ ಘಟ್ಟವಲ್ಲ ಎನ್ನುತ್ತಾರೆ; ಆ ಆಕ್ಷೇಪ ಮಾತ್ರ ಒಪ್ಪತಕ್ಕದ್ದೇ. 2021ರಲ್ಲಿ ಬಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿತು. ಮಳೆಗಾಲದಲ್ಲಿ ಅದಕ್ಕೂ ಭರವಸೆಯಿಲ್ಲ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲುಗಳೇ ನಿಂತಿದ್ದವು.